ಮುಚ್ಚಿದ ವಿಶ್ವವಿದ್ಯಾಲಯ ಆವರಣದಿಂದ ಪದವಿ ಪತ್ರ ಪಡೆಯಲು ಹೋದ ಕುರಿತು

ಚಿನ್ನಮನೂರಿನಿಂದ ಬೆಟ್ಟದ ಕಡೆಗಿರುವ, ಈಗ ಯಾರ ವಶದಲ್ಲಿದೆಯೆಂದು ಸ್ಪಷ್ಟವಿಲ್ಲದ ವಿಶ್ವವಿದ್ಯಾಲಯ ಆವರಣದ ಬಗ್ಗೆ ನನಗೆ ತಿಳಿದಷ್ಟನ್ನು ಈ ಮೂಲಕ ದಾಖಲಿಸುತ್ತಿದ್ದೇನೆ. ಹಿಂದೆ ಇಂಥದ್ದನ್ನು ಬರೆದವಳಲ್ಲ, ತಪ್ಪಿದ್ದಲ್ಲಿ ಮನ್ನಿಸಬೇಕು.

ಸದರಿ ಆವರಣವು ನಮ್ಮ ಕುಲದವರು ದನ ಮೇಯಿಸುತ್ತಿದ್ದ ಬಯಲಿನಲ್ಲಿ ಎದ್ದಿತು. ನಾನು ಅಲ್ಲಿ ಮೂರು ವರ್ಷ ಓದಿದೆನು. ನನ್ನ ಕೊನೆಯ ಪರೀಕ್ಷೆಯ ನಂತರ ಬಾಗಿಲು ಹಾಕಿತು. ನೀರಿಲ್ಲದ್ದಕ್ಕೆ ಎಂದರು ಕೆಲವರು. ಅನುಮತಿಯೇ ಇರಲಿಲ್ಲ ಎಂದರು ಕೆಲವರು. ಮುಚ್ಚಿಲ್ಲ, ಸ್ಥಳಾಂತರವಾಗಿದೆ ಎಂದು ಮುಖ್ಯ ಕಚೇರಿ ತಿಳಿಸಿತು. ಎಲ್ಲಿಗೆ ಎಂದು ಕೇಳಿದ ನನ್ನ ಪತ್ರಕ್ಕೆ ಉತ್ತರ ಬಂದಿಲ್ಲ.

ಈಗ ನಾನು ಪಾಠ ಹೇಳುವ ಶಾಲೆಗೆ ಸೋಮವಾರದೊಳಗೆ ಮೂಲ ಪದವಿ ಪತ್ರ ಸಲ್ಲಿಸದಿದ್ದರೆ ಕೆಲಸ ಉಳಿಯುವುದಿಲ್ಲ. ಆದ್ದರಿಂದ ಶನಿವಾರ, ಆವರಣದ ಕಾವಲುಗಾರರೂ ಸಂಬಂಧದಲ್ಲಿ ನನಗೆ ಮಾವನೂ ಆದ ಹಿರಿಯರನ್ನು ಕಂಡೆನು. ಬೀಗದ ಕೈ ಅವರಲ್ಲಿತ್ತು. ಆದರೆ ಕಚೇರಿಯ ಬಾಗಿಲಿಗೆ ಒರಗಿ ದೇವರ ದನಗಳ ಹಿಂಡಿನ ಹೋರಿಯೊಂದು ಮಲಗಿತ್ತು. ನೇಗಿಲಿಗೆ ಹೂಡದೆ ದೇವರ ಹೆಸರಿನಲ್ಲಿ ಸಾಕುವ ಈ ದನಗಳನ್ನು ನಮ್ಮವರು ಹೊಡೆದು ಎಬ್ಬಿಸುವುದಿಲ್ಲ. ಬರಿಗೈಯಲ್ಲಿ ಎದುರು ನಿಲ್ಲಬಾರದೆಂದು ನಾನು ಜೋಳದ ದಂಟು ತಂದು ಅದರ ಬಾಯಿಯ ಬಳಿ ಇಟ್ಟೆನು. ಅದು ಕಾಲು ಚಾಚಿ ಇನ್ನಷ್ಟು ನೆಮ್ಮದಿಯಾಗಿ ಮೇಯತೊಡಗಿತು.

“ಚೆಂದಾಯ್ತು ಟೀಚರಮ್ಮಾ! ಉಣ್ಣಾಕಿಕ್ಕಿ ಕೂರ್ಸ್‌ಬಿಟ್ಟು, ಈಗ ಏಳು ಅಂದ್ರೆ ಯಾರ್ ಎದ್ದಾರು?”

“ಮಾಮಾ, ನೀವಾದ್ರೂ ಕೊಂಚ ಗದರ್ಸಿ.”

“ನಾನಾ? ಆಮ್ಯಾಕೆ ನಮ್ ಹಟ್ಟ್ಯಾಗೆ ನನ್ನ ಸೇರ್ಸ್ಕತಾರಾ? ಇಷ್ಟ್ ವರ್ಸ ಈ ಕಡೀಕೆ ಬಾರ್ದವ್ಳಿಗೆ ಇವತ್ತೇನ್ ಅವಸ್ರ? ಸುಮ್ಕೆ ಕುಂತ್ಕ.”

ಕುಳಿತೆನು. ಸಂಜೆಯ ಹೊತ್ತಿಗೆ ಹೋರಿ ತಾನಾಗಿ ಎದ್ದು, ನಮ್ಮತ್ತ ನೋಡದೆ ಹೋಯಿತು.

ಒಳಗಿನ ಕಪಾಟಿನಲ್ಲಿ ನನ್ನ ಪದವಿ ಪತ್ರ ದೊರೆಯಿತು. ಹೆಸರು ಸರಿಯಾಗಿತ್ತು, ದರ್ಜೆ ಸರಿಯಾಗಿತ್ತು, ಮೊಹರೂ ಇತ್ತು. ಸಹಿಯ ಜಾಗ ಮಾತ್ರ ಖಾಲಿ. ಹಾಗಾದರೆ ನಾನು ಪದವೀಧರೆಯೇ? ಅಲ್ಲವೇ?

“ಸಿಕ್ತಲ್ಲ? ಮುಟ್ಟಿತು ಅಂತ ಬರ್ಕೊಡು. ನಾಳೆ ಯಾರಾರಾ ಕೇಳುದ್ರೆ?” ಎಂದು ಮಾವ ಹಾಳೆ ನೀಡಿದರು.

ಏನು ಮುಟ್ಟಿತೆಂದು ಬರೆಯಬೇಕೋ ತಿಳಿಯಲಿಲ್ಲ. ಬಹಳ ಹೊತ್ತು ಯೋಚಿಸಿ, “ನನ್ನ ಹೆಸರಿರುವ ಮುದ್ರಿತ ಹಾಳೆ ಒಂದು ಮುಟ್ಟಿದೆ” ಎಂದು ಬರೆದು, ಕೆಳಗೆ ನನ್ನ ಸಹಿ ಹಾಕಿದೆನು. ಸೋಮವಾರ ಆ ಮುದ್ರಿತ ಹಾಳೆಯನ್ನೇ ಶಾಲೆಗೆ ಒಯ್ಯುತ್ತಿದ್ದೇನೆ.