ಅಕ್ತರಬಿ ಮುಟ್ಟದ ಪಡ್ಡಿನ ಹಂಚು

ಕೊಟ್ಟೂರಿನ ಹಳೇ ಓಣಿಯಲ್ಲಿ ಬೆಳಕು ಹರಿಯುವ ಮುಂಚೆಯೇ ಸೇಂಗಾ ಎಣ್ಣೆ ಕಾದ ವಾಸನೆ ಹಬ್ಬಿದೆ. ಅಂಗಳದ ಒಲೆಯ ಮುಂದೆ ಕುಳಿತ ಅಕ್ತರಬಿಯ ಕೈ ಯಾರದೋ ದೋಸೆ ಹಂಚಿಗೆ ಎಣ್ಣೆ ಸವರುತ್ತಿದೆ, ಕಣ್ಣು ಮಾತ್ರ ಇನ್ನೊಂದು ಒಲೆಯ ಮೇಲಿದೆ. ಅಲ್ಲಿ ಸೊಸೆ ನೂರೀನ ಪಡ್ಡಿನ ಹಂಚು ಇಟ್ಟು, ರುಬ್ಬಿಟ್ಟ ಹಿಟ್ಟಿಗೆ ಕೈಯಾಡಿಸುತ್ತಿದ್ದಾಳೆ. ಇವತ್ತು ಪರೀಕ್ಷೆ. ಹಂಚಿಗೋ ಸೊಸೆಗೋ ಎಂದು ಕೇಳಿದರೆ ಅಕ್ತರಬಿ ಬಾಯಿಗೆ ಸೆರಗು ಒತ್ತಿ ನಗುತ್ತಾರೆ.

ಬೀಡು ಕಬ್ಬಿಣದ ಹಂಚು ಪಳಗಿಸುವುದು ಅವರ ಕಸುಬು. ಹೊಸ ಹಂಚನ್ನು ಗಂಜಿಯಲ್ಲಿ ನೆನೆಹಾಕಿ, ತೊಳೆದು, ಬಿಸಿಲಿಗೆ ಒಣಗಿಸಿ, ಎಣ್ಣೆ ಸವರಿ ಸಣ್ಣ ಉರಿಯಲ್ಲಿ ಕಾಯಿಸುತ್ತಾರೆ. ಆರಿದ ಮೇಲೆ ಮತ್ತೆ ಎಣ್ಣೆ, ಮತ್ತೆ ಉರಿ, ಹಿಟ್ಟು ಅಂಟದಂತೆ ಕಪ್ಪು ಪದರ ಕೂರುವ ತನಕ. "ಅವಸರ ಮಾಡಿದ್ರ ಅಂಟಂಟ ಆಗತೈತ್ರಿ. ಎಣ್ಣಿ ಹಂಚು ತಾನ ಕುಡೀಬೇಕು."

ಇದನ್ನು ಕಲಿಸಿದ್ದು ಅವರ ಅತ್ತೆ. ಆಗ ಓಣಿಯ ಮನೆಮನೆಯಲ್ಲೂ ಕರೀ ಹಂಚು, ಬೆಳಗಾದರೆ ಚುಂಯ್ ಎನ್ನುವ ಸದ್ದು. ಅಂಟದ ತವೆ ಬಂದಮೇಲೆ ಅವೆಲ್ಲ ಅಟ್ಟ ಸೇರಿದವು. ಈಗ ಕೂಡ್ಲಿಗಿ, ಹರಪನಹಳ್ಳಿಯಿಂದೆಲ್ಲ ತುಕ್ಕು ಹೊತ್ತು ಮತ್ತೆ ಇವರ ಬಾಗಿಲಿಗೆ ಬರುತ್ತಿವೆ.

ಅತ್ತೆ ಬಿಟ್ಟುಹೋದ ಪಡ್ಡಿನ ಹಂಚೆಂದರೆ ಅವರಿಗೆ ಜೀವ. ಹೋದ ರಂಜಾನಿಗೆ, ಹಡಗಲಿಯಿಂದ ಹೊಸದಾಗಿ ಬಂದಿದ್ದ ನೂರೀನ ಮನೆಯೆಲ್ಲ ಬೆಳಗಿದಳು. ಅಕ್ತರಬಿ ಮೆಚ್ಚಲಿ ಎಂದು ಆ ಹಂಚನ್ನೂ ಇಟ್ಟಿಗೆ ಪುಡಿ ಹಾಕಿ ಥಳಥಳ ತಿಕ್ಕಿಟ್ಟಳು!

"ನಮ್ಮ ಅತ್ತಿ ಕಾಲದ ಕಪ್ಪೆಲ್ಲ ಗಟಾರಕ್ಕ ಹರದು ಹೋಗಿತ್ರಿ. ಬೈಯಾಕ ಬಾಯಿ ಬರಲಿಲ್ಲ. ಮಗ್ಗಲ ಮನಿಗೆ ಹೋಗಿ ಅತ್ತು ಬಂದ್ನಿ."

ಊರವರ ಹಂಚನ್ನೆಲ್ಲ ಪಳಗಿಸುವ ಅಕ್ತರಬಿ ಇದನ್ನು ಮಾತ್ರ ಮುಟ್ಟಲಿಲ್ಲ. "ಅಕಿ ತಿಕ್ಕ್ಯಾಳ, ಅಕಿನ ಪಳಗಸ್ಲಿ ಅಂದೆ." ಮೊದಲ ಸಲ ಪಡ್ಡು ಅಂಟಿ ಪುಡಿಯಾದವು. ಆಮೇಲೆ ತುಕ್ಕು ಹಿಡಿಯಿತು. ಸಾಕಾಗಿ ಹೋದ ನೂರೀನ ಅದನ್ನು ಅಟ್ಟಕ್ಕೆ ಏರಿಸಿದಾಗ, ಅಕ್ತರಬಿ ಇಳಿಸಲು ಹೇಳಿ ಎಣ್ಣೆ ಬಟ್ಟಲನ್ನು ಮುಂದಿಟ್ಟರು.

ಆಮೇಲೆ ಸೊಸೆ ಮತ್ತೆ ಮತ್ತೆ ಎಣ್ಣೆ ಕುಡಿಸಿದ ಅದೇ ಹಂಚಿನ ಕುಳಿಗಳಿಗೆ ಈಗ ಹಿಟ್ಟು ಬಿದ್ದಿದೆ. ನೂರೀನ ಮುಚ್ಚಳ ತೆಗೆದು, ಕಡ್ಡಿ ಹಾಕಿ ಮೆಲ್ಲಗೆ ಮೀಟುತ್ತಾಳೆ. ಪಡ್ಡು ಗಿರ್ರನೆ ತಿರುಗುತ್ತದೆ. ತಳಕ್ಕೆ ಚೂರೂ ಅಂಟಿಲ್ಲ.

ಅಕ್ತರಬಿ ಒಂದನ್ನು ಮುರಿದು ಬಾಯಿಗಿಟ್ಟು, "ನಮ್ಮ ಅತ್ತಿ ಪಡ್ಡಿನ ರುಚಿ ಬರಲಿಲ್ಲ" ಅನ್ನುತ್ತಾರೆ. ಸೊಸೆಯ ಮುಖ ಬಾಡುತ್ತದೆ. "ಯಾಕ ಬರಬೇಕಲೇ? ಇದು ನಿನ್ನ ಕೈರುಚಿ. ಚಲೋ ಐತಿ."

ಅಷ್ಟರಲ್ಲಿ ಚೀಲದಲ್ಲಿ ಹಂಚು ಹಿಡಿದು ಗಂಗಾಂಬಿಕಾ ಎಂಬವರು ಬಾಗಿಲಿಗೆ ಬರುತ್ತಾರೆ. "ಅಕ್ತರಬೀ, ಅದೀರೇನ್ರಿ? ತುಕ್ಕು ಹಿಡದೈತ್ರಿ, ನೀವ ನೋಡಬೇಕು."

ಅಕ್ತರಬಿ ಕುಳಿತಲ್ಲಿಂದ ಏಳುವುದಿಲ್ಲ. ಇನ್ನೊಂದು ಪಡ್ಡಿಗೆ ಕೈ ಚಾಚುತ್ತಾರೆ.

"ಒಳಗ ಬರ್ರಿ. ನಮ್ಮ ಸೊಸಿ ಕೈಯಾಗ ಕೊಡ್ರಿ."