ಕೌದಿಯ ಎದುರು ಭಾರ

ಕುರಿಹಟ್ಟಿಯ ಹಿಕ್ಕೆ ಗುಡಿಸಿ ತಿಪ್ಪೆಗೆ ಹಾಕುವುದು, ನೀರು ತುಂಬುವುದು, ಒಲೆ ಹೊತ್ತಿಸಿ ಜೋಳದ ರೊಟ್ಟಿ ಬಡಿಯುವುದು, ಗಂಡ ಬಂಡೆಪ್ಪನಿಗೆ ಬುತ್ತಿ ಕಟ್ಟುವುದು, ಕಳೆದುಹೋಯಿತೆಂದು ಅವನು ಕೂಗಾಡುವ ಚಪ್ಪಲಿಯನ್ನು ಅವನ ಕಾಲಬುಡದಲ್ಲೇ ತೋರಿಸುವುದು. ಇಷ್ಟು ಮುಗಿದ ಮೇಲೆ ನಾಗಲಗಿದ್ದ ಊರಿನ ಶರಣಬಸಮ್ಮನಿಗೆ ಬೆಳಗಾಗುತ್ತಿತ್ತು.

ಬಾವಿಕಟ್ಟೆಯಲ್ಲಿ ಬಟ್ಟೆ ಕುಕ್ಕುವುದು ಮಾತ್ರ ಈಗ ತಪ್ಪಿತ್ತು. ಜಹೀರಾಬಾದಿನಲ್ಲಿ ನೌಕರಿಗಿರುವ ಮಗಳು ಪೂರ್ಣಿಮಾ ವಾಷಿಂಗ್ ಮಷೀನ್ ಕಳಿಸಿದ್ದಳು. ಅದು ತಿರುಗುವಷ್ಟು ಹೊತ್ತು ಶರಣಬಸಮ್ಮ ಮನೆ ಮುಂದಿನ ಕಟ್ಟೆಯ ಮೇಲೆ ಕಾಲು ಚಾಚಿ ಚಹಾ ಕುಡಿಯುತ್ತಿದ್ದಳು. ಚಹಾ ಬಿಸಿಯಾಗಿದ್ದಾಗಲೂ ಕುಡಿಯಬಹುದೆಂದು ಮದುವೆಯಾದ ಮೇಲೆ ಗೊತ್ತಾದದ್ದೇ ಆಗ.

ಮಷೀನು ಬಂದ ದಿನವೇ ಅತ್ತೆ ಈಶಮ್ಮ ಕಟ್ಟಪ್ಪಣೆ ಮಾಡಿದ್ದಳು: ಗಂಡಸರ ಬಟ್ಟೆಯ ಜೊತೆ ಹೆಂಗಸರ ಸೀರೆ ಬೀಳಕೂಡದು, ಮೈಲಿಗೆ. ಹಾಗಾಗಿ ಇವತ್ತು ಬಂಡೆಪ್ಪ ಹೊದೆಯುವ ಕೌದಿಯೊಂದೇ ಒಳಗೆ ಹೋಯಿತು. ಹಿಂಡುವ ಸುತ್ತು ಶುರುವಾದದ್ದೇ ತಡ, ಮಷೀನು ಧಡಧಡ ಕುಣಿಯುತ್ತ, ತಾಂಡೂರು ಕಲ್ಲಿನ ನುಣುಪು ನೆಲದ ಮೇಲೆ ಜಾರುತ್ತ, ಅಡುಗೆಮನೆಯ ಬಾಗಿಲಿಗೆ ಬಂದು ವೈರು ಕಿತ್ತುಕೊಂಡು ನಿಂತಿತು.

"ಏನವ್ವಾ, ರೊಟ್ಟಿ ಕೇಳ್ಲಾಕ ಬಂದದೇನು?" ಎಂದಳು ಈಶಮ್ಮ. "ಇನ್ನೊಂದ್ಸಲ ಹಿಂಗ ಕುಣೀತಂದ್ರ ತಾಂಡೂರಿಗಿ, ನನ್ನ ಮಗಳ ಮನಿಗಿ ಕಳಸ್ತೀನಿ. ನೀ ಮತ್ತ ಬಾವಿಗಿ ನಡಿ."

"ಕಳಸೋದ್ಯಾಕ್ರಿ ಅತ್ತಿ, ನಡಕೊಂತ ತಾನೇ ಹೋಗ್ತದ."

"ಬಾಯಿ ನೋಡು! ದೃಷ್ಟಿ ಆಗ್ಯಾದ ಇದಕ್ಕ. ತಡಿ, ನಿಂಬಿಹಣ್ಣ ತರ್ತೀನಿ" ಎಂದು ಅತ್ತೆ ಪಕ್ಕದ ಮನೆಗೆ ಹೊರಟಳು.

ಶರಣಬಸಮ್ಮ ಮುಚ್ಚಳ ತೆಗೆದಳು. ನೀರು ಕುಡಿದ ಕೌದಿ ಒಂದೇ ಮಗ್ಗುಲಿಗೆ ಮುದ್ದೆಯಾಗಿ ಕೂತಿತ್ತು. ಕುರಿಹಿಂಡಿನ ಹಿಂದೆ ಊರೂರು ಅಲೆದವಳು ಅವಳು. ಒಂದೇ ಬದಿಗೆ ಹೇರಿದರೆ ಕತ್ತೆಯೂ ಒದೆಯುತ್ತದೆ. ಎದುರು ಬದಿಗೆ ಭಾರ ಬೇಕು. ಬಂಡೆಪ್ಪನ ಬಟ್ಟೆಯೋ, ಅವನ ಮೈಮೇಲೆ ಕುರಿಗಳ ಜೊತೆ ಹೋಗಿತ್ತು. ಬುಟ್ಟಿಯಲ್ಲಿದ್ದದ್ದು ಸೀರೆಗಳೇ.

ಕೌದಿಯನ್ನು ಬಿಡಿಸುವಾಗ ಅದರ ತೇಪೆಗಳು ಕಂಡವು. ಹಸಿರಂಚಿನದು, ಚುಕ್ಕಿಯದು, ದಡಿ ಹರಿದದ್ದು, ಎಲ್ಲವೂ ಈಶಮ್ಮನ ಹಳೆಯ ಸೀರೆಗಳು. ಹೊಲಿದವಳೂ ಅವಳೇ. ಮಗ ಇಷ್ಟು ವರ್ಷ ಹೊದ್ದದ್ದು ಅದನ್ನೇ, ಮೈಲಿಗೆಯಾಗದೆ! ಶರಣಬಸಮ್ಮನಿಗೆ ನಗು ಉಕ್ಕಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಬುಟ್ಟಿಯಿಂದ ತನ್ನ ಸೀರೆ ಎತ್ತಿಕೊಂಡಳು. ಒಂದು ಗಳಿಗೆ ಯೋಚಿಸಿ ಅದನ್ನು ಬುಟ್ಟಿಗೇ ವಾಪಸು ಹಾಕಿದಳು. ಈಶಮ್ಮನ ಕೆಂಪು ಇಳಕಲ್ ಸೀರೆಯನ್ನು ನೀರಲ್ಲಿ ಅದ್ದಿ, ಕೌದಿಯ ಎದುರು ಮಗ್ಗುಲಿಗಿಟ್ಟು, ಮುಚ್ಚಳ ಹಾಕಿ, ಮಷೀನನ್ನು ಅದರ ಜಾಗಕ್ಕೆ ತಳ್ಳಿ, ವೈರು ಸಿಕ್ಕಿಸಿ ಚಾಲೂ ಮಾಡಿ, ಚಹಾಕ್ಕೆ ನೀರಿಟ್ಟಳು.