ಅತ್ತೆಯ ಗಾಡಿ ಜಪ್ತಿಯಾದದ್ದು

ಎಪ್ಪತ್ತರ ದಶಕದ ನಡುವೆ ಪರ್ಮಿಟ್ ಇಲ್ಲದೆ ಭತ್ತವನ್ನು ನಮ್ಮ ತಾಲ್ಲೂಕಿನಿಂದ ಆಚೆ ಸಾಗಿಸುವಂತಿರಲಿಲ್ಲ. ಹೊಸದುರ್ಗದ ರಸ್ತೆಯಲ್ಲಿ ಒಂದು ಚೆಕ್‌ಪೋಸ್ಟ್ ಇತ್ತು. ನಾವಿದ್ದದ್ದು ಮಾರಿಕಣಿವೆಯ ಹತ್ತಿರದ ಹಳ್ಳಿಯಲ್ಲಿ. ನನ್ನ ಗಂಡ ಅಣೆಕಟ್ಟೆಯ ಕಚೇರಿಯಲ್ಲಿ ನೌಕರರು. ಗಾಡಿ ಮತ್ತು ಜೋಡಿ ಎತ್ತು ಮಾತ್ರ ಅತ್ತೆಯವು. ಮಾವ ತೀರಿಕೊಂಡ ಮೇಲೆ ಊರಲ್ಲಿ ಗಾಡಿ ಹೊಡೆಯುತ್ತಿದ್ದ ಹೆಂಗಸು ಅವರೊಬ್ಬರೇ.

ಪಕ್ಕದ ಮನೆಯವರು ಮಗಳ ಮದುವೆಯ ಸಾಮಾನು ಒಯ್ಯಲು ಗಾಡಿ ಕೇಳಿದರು. ಅತ್ತೆ ಕೊಟ್ಟು ಹೊಲಕ್ಕೆ ಹೋದರು. ಚೆಕ್‌ಪೋಸ್ಟಿನಲ್ಲಿ ಜಮಖಾನೆ ಎತ್ತಿ ನೋಡಿದರೆ ಕೆಳಗೆ ಭತ್ತದ ಚೀಲಗಳು. ಪಕ್ಕದ ಮನೆಯವರು ತಪ್ಪೊಪ್ಪಿಕೊಂಡು ಜುಲ್ಮಾನೆ ಕಟ್ಟಿ ತಾವು ಬಿಡಿಸಿಕೊಂಡು ಬಂದರು. ಗಾಡಿ, ಎತ್ತು ಬರಲಿಲ್ಲ; ಜಪ್ತಿಯಾಗಿ ಅಲ್ಲೇ ಉಳಿದವು.

ಅತ್ತೆ ಮತ್ತು ನಾನು ಬಸ್ಸು ಹತ್ತಿ ಚೆಕ್‌ಪೋಸ್ಟಿಗೆ ಕೇಳಲು ಹೋದೆವು. ಅಲ್ಲಿದ್ದ ಇನ್‌ಸ್ಪೆಕ್ಟರು ಸಿಡುಕಿನವರಲ್ಲ. “ಕುಂತ್ಕಳ್ರಿ ಅಮ್ಮ. ನೀವು ತಪ್ಪು ಮಾಡೀರಿ ಅಂತ ಯಾರೂ ಅಂದಿಲ್ಲ. ಕೇಸು ಗಾಡಿ ಮೇಲೈತೆ,” ಎಂದರು.

“ಗಾಡಿಗೇನು ಗೊತ್ತಾಗ್ತೈತಪ್ಪ?” ಎಂದರು ಅತ್ತೆ.

ನಿಮಗೆ ಗೊತ್ತಿರಲಿಲ್ಲ ಎಂದು ನೀವೇ ಸಾಬೀತು ಮಾಡಬೇಕು, ಇಲ್ಲದಿದ್ದರೆ ಗಾಡಿ ಸರ್ಕಾರದ್ದಾಗುತ್ತದೆ ಎಂದು ಇನ್‌ಸ್ಪೆಕ್ಟರು ವಿವರಿಸಿದರು. ಮನೆಯಲ್ಲಿ ನನ್ನ ಗಂಡ, “ಹೋದ್ರೆ ಹೋಗ್ಲಿ ಬಿಡವ್ವ. ನಾನೂ ಸರ್ಕಾರದ ಕೆಲಸದಾಗೆ ಇರೋನು,” ಎಂದರು. ಅತ್ತೆ ನನ್ನ ಕಡೆ ತಿರುಗಿ, “ನೀನು ಬರಿ,” ಎಂದರು. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದ್ದೆ. ಅರ್ಜಿ ಬರೆದೆ.

ಚಿತ್ರದುರ್ಗದ ಜಿಲ್ಲಾಧಿಕಾರಿಗಳ ಕಚೇರಿಗೆ ಎಂಟೋ ಒಂಬತ್ತೋ ಸಲ ಹೋದೆವು. ಕೆಲವು ದಿನ ಸಾಹೇಬರು ಟೂರಿನಲ್ಲಿರುತ್ತಿದ್ದರು. ಒಮ್ಮೆ ಫೈಲು ಸಿಗಲಿಲ್ಲ. ಕಡೆಗೆ ವಿಚಾರಣೆ ನಡೆದ ದಿನ, ಗೊತ್ತಿರಲಿಲ್ಲ ಎನ್ನುವುದಕ್ಕೆ ಏನು ಪುರಾವೆ ಎಂದು ಸಾಹೇಬರು ಕೇಳಿದರು.

“ಗೊತ್ತಿಲ್ದೇ ಇರೋದನ್ನ ಎಲ್ಲಿಂದ ತಂದು ತೋರಿಸ್ಲಿ ಸ್ವಾಮಿ?” ಎಂದರು ಅತ್ತೆ.

ಸಾಕ್ಷಿ ಬೇಕು ಎಂದು ಮುಂದಿನ ತಾರೀಖು ಕೊಟ್ಟರು. ಪಕ್ಕದ ಮನೆಯ ಯಜಮಾನರು, ಒಮ್ಮೆ ಬಿಡಿಸಿಕೊಂಡು ಬಂದವನು ಮತ್ತೆ ಆ ಮೆಟ್ಟಿಲು ಹತ್ತುವುದಿಲ್ಲ ಎಂದರು. ಆಗ ಅತ್ತೆ ಹೊಸದುರ್ಗದ ಕಡೆಯಿದ್ದ ಮದುಮಗಳ ಗಂಡನ ಊರಿಗೆ ಹೋಗಿ ಅವಳನ್ನೇ ಕಂಡರು. ಮದುವೆಯಾಗಿ ಇನ್ನೂ ಮೂರೇ ತಿಂಗಳಾಗಿತ್ತು. ಗಂಡನ ಮನೆಯವರು ಬೇಡವೆಂದರೂ ಅವಳು ಬಂದಳು. “ಚೀಲ ಹೇರ್ದಾಗ ನಾನಿದ್ದೆ. ಈ ಅಮ್ಮ ಹೊಲದಾಗಿದ್ರು. ಅವರಿಗೆ ಹೇಳ್ಬ್ಯಾಡ ಅಂತ ನಮ್ಮಪ್ಪನೇ ಅಂದಿದ್ದ,” ಎಂದು ತಲೆ ತಗ್ಗಿಸದೆ ಹೇಳಿದಳು. ಬರೆದುಕೊಳ್ಳುತ್ತಿದ್ದ ಗುಮಾಸ್ತರು ಒಮ್ಮೆ ತಲೆಯೆತ್ತಿ ನೋಡಿದರು.

ಗಾಡಿ ಬಿಡುಗಡೆಯ ಆದೇಶ ಬರುವಷ್ಟರಲ್ಲಿ ಒಂದು ಎತ್ತು ಕಾಯಿಲೆ ಬಿದ್ದು ಸತ್ತಿತ್ತು. ಅದರ ಬಗ್ಗೆ ಆದೇಶದಲ್ಲಿ ಏನೂ ಇರಲಿಲ್ಲ. ಇನ್ನೊಂದು ಅರ್ಜಿ ಬರೆಯಲೇ ಎಂದು ಕೇಳಿದೆ. “ಸಾಕು, ಮನೆಗೆ ಹೋಗಾಣ,” ಎಂದರು ಅತ್ತೆ.

ಗಾಡಿ ತರುವ ದಿನ ನನ್ನ ಗಂಡ ರಜೆ ಹಾಕಿ ಬಂದರು, ಯಾರೂ ಕರೆದಿರಲಿಲ್ಲ. ಉಳಿದ ಎತ್ತನ್ನು ಒಂದು ಕಡೆ ಕಟ್ಟಿ, ನೊಗದ ಇನ್ನೊಂದು ತುದಿಯನ್ನು ತಾವೇ ಹಿಡಿದು, ಬಾಡಿಗೆ ಎತ್ತು ಸಿಗುವ ಊರಿನವರೆಗೂ ಎಳೆದರು. ಅತ್ತೆ ಗಾಡಿಯ ಮೇಲೆ ಕೂರದೆ ಪಕ್ಕದಲ್ಲೇ ನಡೆದರು.